ಮಾಡಿನ ಕೆಲಸದಲ್ಲಿ ಒದಗುವ ಅಪಘಾತಗಳೂ ಅವುಗಳ ನಿವಾರಣೋಪಾಯಗಳೂ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟಸೀಮೆಯಲ್ಲಿ ಮನೆ, ಕೊಟ್ಟಿಗೆ, ಕಾಫಿಯ ಉಗ್ರಾಣ ಮತ್ತು ಕೂಲಿಗಾರರ ಲೈನುಮನೆಗಳ ಹೆಂಚನ್ನು ಮಳೆಗಾಲಕ್ಕೆ ಮುಂಚೆ ಕೈಯಾಡಿಸುವುದು ರೂಢಿಯಾದ ಕೆಲಸ. ಘಟ್ಟದ ಅಂಚಿನಲ್ಲಿರುವ ಸಕಲೇಶಪುರದ ಕಡೆ ವರ್ಷಕ್ಕೆ 2000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುವುದು. ಪೂರ್ವಕ್ಕಿರುವ ಆಲೂರಿನಲ್ಲಿ ಇದಕ್ಕಿಂತ ಕಡಿಮೆ. ಕೋತಿಯಿಂದಾಗಲಿ, ಮುರಿದ ಕೊಂಬೆಯಿಂದಾಗಲಿ ಒಂದು ಹೆಂಚು ಸರಿದರೂ ಒಳಗಿನ ಕಾಫಿ, ಮೆಣಸು, ಬತ್ತಗಳು ನೆನೆದು ಬೂಷ್ಟು ಹಿಡಿಯುವುವು. ಆದಕಾರಣ ಸೋರಿಕೆಯನ್ನು ಕಂಡೊಡನೆ ಸುರಿಯುವ ಮಳೆಯಲ್ಲಿಯೇ ಮಾಡನ್ನೇರುವವರುಂಟು. ಈ ಆತುರವೇ ಅನರ್ಥಕ್ಕೆ ಮೂಲ.

ಹತ್ತು ಅಡಿ ಎತ್ತರವು ಅಲ್ಪವೆಂದು ಅನೇಕರು ತಿಳಿಯುವರು. ಆದರೆ ಅಷ್ಟು ಎತ್ತರದಿಂದ ಬಿದ್ದವನು ಒಂದು ಸೆಕೆಂಡಿನೊಳಗಾಗಿ ಗಂಟೆಗೆ ಸುಮಾರು 28 ಕಿಲೋಮೀಟರು ವೇಗದಿಂದ ನೆಲವನ್ನು ತಾಗುವನು. ಕಾಲೂರಿ ಬಿದ್ದರೆ ಹಿಮ್ಮಡಿಯ ಮೂಳೆಯೂ ಬೆನ್ನುಮೂಳೆಯೂ, ಕೈಯೂರಿ ಬಿದ್ದರೆ ಮಣಿಕಟ್ಟೂ ಮುರಿಯಬಹುದು; ತಲೆ ತಾಗಿದರೆ ಪ್ರಾಣಕ್ಕೇ ಅಪಾಯ.

ಬೀಳುವುದಕ್ಕೆ ಮುಖ್ಯ ಕಾರಣಗಳು ನಾಲ್ಕು: ಹೆಂಚಿನ ಮೇಲೆ ಬೆಳೆದ ಹಾವಸೆ, ಗೆದ್ದಲು ತಿಂದ ರೀಪು, ಭದ್ರವಿಲ್ಲದ ಏಣಿ, ಕಲ್ನಾರಿನ ಶೀಟು. ಕೊನೆಯದು ವಿಶೇಷವಾಗಿ ಮೋಸದ ವಸ್ತು. ನೋಡುವುದಕ್ಕೆ ಗಟ್ಟಿಯಾಗಿದ್ದರೂ ಹಳೆಯದಾದಂತೆ ಪೆಡಸಾಗಿ, ಕಾಲಿಟ್ಟಾಗ ಯಾವ ಸೂಚನೆಯನ್ನೂ ಕೊಡದೆ ಒಡೆಯುವುದು. ಬೆಳಕಿಗಾಗಿ ಹಾಕಿದ ಗಾಜಿನ ಹೆಂಚೂ ಹಾಗೆಯೇ.

ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಕಾರ್ಖಾನೆಯ ಮೂಲಕ ಪ್ರಚಾರಕ್ಕೆ ಬಂದ ಮಂಗಳೂರು ಹೆಂಚು ರೀಪಿಗೆ ತಗುಲಿಕೊಂಡು ಕುಳಿತಿರುವುದು, ಮೊಳೆಯಿಂದ ಬಿಗಿದಿರುವುದಿಲ್ಲ. ಆದುದರಿಂದ ಒಳಮಾಳಿಗೆಯಿಲ್ಲದ ಕಟ್ಟಡದಲ್ಲಿ ಒಂದೆರಡು ಒಡೆದ ಹೆಂಚುಗಳನ್ನು ಕೆಳಗಿನಿಂದಲೇ ಎತ್ತಿ ಬದಲಾಯಿಸಬಹುದು. ಭದ್ರವಾದ ಅಟ್ಟಣೆಯ ಮೇಲೆ ನಿಂತು ಹೀಗೆ ಮಾಡುವವನಿಗೆ ಮಾಡನ್ನೇರುವ ಪ್ರಮೇಯವೇ ಇಲ್ಲ. ಮಳೆಗಾಲದ ಸೋರಿಕೆಗೆ ಇದೇ ಉತ್ತಮವಾದ ಮಾರ್ಗ.

ಮೇಲೇರುವುದು ಅನಿವಾರ್ಯವಾದರೆ ಈ ಕೆಳಗಿನ ನಿಯಮಗಳನ್ನು ಪಾಲಿಸತಕ್ಕದ್ದು:

1. ಮುಂಗಾರಿಗೆ ಮೊದಲು, ಮೇ ಮಧ್ಯದೊಳಗೆ, ಬಿಸಿಲಿರುವ ದಿನದಲ್ಲಿ ಬೆಳಗಿನ ಮಂಜು ಆರಿದ ಮೇಲೆ ಕೆಲಸವನ್ನು ಪ್ರಾರಂಭಿಸಬೇಕು. ರೀಪುಗಳನ್ನು ಮೊದಲು ಒಳಗಿನಿಂದ ಪರೀಕ್ಷಿಸಬೇಕು.

2. ಏಣಿಯನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಗೋಡೆಯಿಂದ ದೂರವಿಟ್ಟು, ಸೂರಿನಿಂದ ಮೂರು ಅಡಿ ಮೇಲಕ್ಕೆ ಚಾಚಿರುವಂತೆ ನಿಲ್ಲಿಸಿ, ತುದಿಯನ್ನು ಕಟ್ಟಬೇಕು. ವಿದ್ಯುತ್ ತಂತಿಯ ಸಮೀಪದಲ್ಲಿ ಇಡಲೇಬಾರದು.

3. ಹೆಂಚು ಅಥವಾ ಶೀಟಿನ ಮೇಲೆ ನೇರವಾಗಿ ಕಾಲಿಡದೆ, ಮಾಡಿನ ನೆತ್ತಿಗೆ ಭದ್ರಪಡಿಸಿದ ಮೆಟ್ಟಲುಹಲಗೆಯ ಮೇಲೆ ನಡೆಯಬೇಕು.

4. ತೊಡೆ ಹಾಗೂ ಹೆಗಲುಗಳನ್ನು ಹಿಡಿಯುವ ರಕ್ಷಣಾಪಟ್ಟಿಯನ್ನು ಧರಿಸಿ, ಅದರ ಹಗ್ಗವನ್ನು ಗಟ್ಟಿಯಾದ ಆಧಾರಕ್ಕೆ ಬಿಗಿಯಬೇಕು. ಬರಿಯ ಸೊಂಟಕ್ಕೆ ಕಟ್ಟಿದ ಹಗ್ಗವು ಬಿದ್ದಾಗ ಹೊಟ್ಟೆಗೂ ಬೆನ್ನಿಗೂ ಪೆಟ್ಟುಮಾಡುವುದು. ತಲೆಗೆ ಹೆಲ್ಮೆಟ್ಟು ಇರಬೇಕು.

5. ಒಬ್ಬನೇ ಮೇಲೇರಬಾರದು. ಕುಡಿದವನನ್ನೂ ತಲೆಸುತ್ತು ಬರುವವನನ್ನೂ ಹತ್ತಿಸಬಾರದು.

ಕೂಲಿಗಾರರನ್ನು ಈ ಕೆಲಸಕ್ಕೆ ನೇಮಿಸುವ ತೋಟದ ಯಜಮಾನರು ಮೇಲ್ಕಂಡ ಸಾಧನಗಳನ್ನು ತಾವೇ ಒದಗಿಸತಕ್ಕದ್ದು. ದಿನಗೂಲಿಯ ಆಸೆಗೆ ಮಾಡನ್ನೇರುವವನು ಹಗ್ಗವನ್ನು ತಾನಾಗಿ ಕೇಳುವುದು ಅಪರೂಪ.

ಯಾರಾದರೂ ಬಿದ್ದರೆ ಅವರನ್ನು ಎಬ್ಬಿಸಿ ಕೂರಿಸಬಾರದು. ಕೈಕಾಲು ಹಿಡಿದು ಹೊರಲೂಬಾರದು. ಮುರಿದ ಬೆನ್ನುಮೂಳೆಯು ಅಲುಗಿದರೆ ಒಳಗಿನ ನರಕ್ಕೆ ಪೆಟ್ಟಾಗಿ ಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಬಹುದು. ತಲೆ ಕತ್ತುಗಳನ್ನು ಅಲುಗದಂತೆ ಹಿಡಿದು, ರಕ್ತ ಸುರಿಯುತ್ತಿದ್ದರೆ ಶುದ್ಧವಾದ ಬಟ್ಟೆಯಿಂದ ಒತ್ತಿ, 108ಕ್ಕೆ ದೂರವಾಣಿ ಮಾಡಬೇಕು. ತೋಟದ ದಾರಿ ದುರ್ಗಮವಾಗಿದ್ದರೆ ಒಬ್ಬರು ಮುಖ್ಯರಸ್ತೆಯಲ್ಲಿ ನಿಂತು ವಾಹನಕ್ಕೆ ದಾರಿ ತೋರಿಸುವುದು ಮೇಲು.

ಒಡೆದ ಹೆಂಚಿಗೆ ಬದಲು ಹೆಂಚು ದೊರೆಯುವುದು. ನೆನೆದ ಬೆಳೆಯ ನಷ್ಟವನ್ನು ಮುಂದಿನ ಬೆಳೆಯಲ್ಲಿ ತುಂಬಿಕೊಳ್ಳಬಹುದು. ಮನೆಯನ್ನು ನಡೆಸುವವನು ಹಾಸಿಗೆ ಹಿಡಿದರೆ ಆ ನಷ್ಟವನ್ನು ತುಂಬುವ ಬೆಳೆ ಯಾವುದೂ ಇಲ್ಲ. ಆದಕಾರಣ ರೈತರು ಮಾಡಿನ ದುರಸ್ತಿಯನ್ನು ಬೇಸಗೆಯಲ್ಲಿಯೇ ಮುಗಿಸಿಕೊಂಡು, ಮಳೆ ಹಿಡಿದ ಮೇಲೆ ಸೋರಿದರೆ ಕೆಳಗೊಂದು ಪಾತ್ರೆಯನ್ನಿಟ್ಟು ಮಳೆ ಬಿಡುವವರೆಗೆ ತಾಳುವುದು ಲೇಸು.