ಯಾವ ಸಂತೋಷ ಉಳಿಯುತ್ತದೆ?

(ಜುಲೈ 31: ಲೊಯೋಲಾದ ಸಂತ ಇಗ್ನೇಷಿಯಸರ ಹಬ್ಬ)



ಸವದತ್ತಿ ಸೀಮೆಯ ಮನೋಳಿ, ಅಂದರೆ ಇಂದಿನ ಮುನವಳ್ಳಿ, ಮಲಪ್ರಭೆಯ ದಂಡೆಯ ಊರು. 1799ರಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದ ಧೋಂಡಿಯಾ ವಾಘ್ ದಂಡು ಕಟ್ಟಿ, ‘ಉಭಯಲೋಕಾಧೀಶ್ವರ’ ಎಂಬ ಬಿರುದನ್ನು ತಾನೇ ಧರಿಸಿದನು. 1800ರ ಜುಲೈ 30ರಂದು ಇದೇ ಹೊಳೆಯ ದಂಡೆಯಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಅವನ ದಂಡಿನ ಒಂದು ಭಾಗದ ಮೇಲೆ ಬಿತ್ತು. ಆನೆ, ಒಂಟೆ, ಸರಂಜಾಮು ಕೈಬಿಟ್ಟವು, ಅನೇಕರು ನೀರುಪಾಲಾದರು. ಸೆಪ್ಟೆಂಬರ್ 10ರಂದು ಅವನೂ ಯುದ್ಧದಲ್ಲಿ ಮಡಿದನು. ಎರಡು ಲೋಕಕ್ಕೆ ಒಡೆಯನೆಂದವನಿಗೆ ಈ ಒಂದು ಲೋಕವೂ ದಕ್ಕಲಿಲ್ಲ.

ಇಂದಿನ ಹಬ್ಬದ ಸಂತರೂ ಮೊದಲು ಕೀರ್ತಿಯ ಬೆನ್ನು ಹತ್ತಿದವರೇ. 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಅವರ ಕಾಲು ಮುರಿಯಿತು. ಹಾಸಿಗೆ ಹಿಡಿದಾಗ ವೀರರ ಕಥೆಗಳನ್ನು ಕೇಳಿದರು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತರ ಜೀವನ ಮತ್ತು ಸಂತರ ಚರಿತ್ರೆ. ಆಗ ಅವರು ಒಂದು ಸಂಗತಿ ಗಮನಿಸಿದರು. ಪರಾಕ್ರಮದ ಕನಸು ಕಾಣುವಾಗ ಸಿಹಿ, ಆಮೇಲೆ ಮನಸ್ಸು ಬರಿದು. ಸಂತರಂತೆ ಬಾಳುವ ಯೋಚನೆಯಾದರೋ, ಮುಗಿದ ಮೇಲೂ ಸಂತೋಷ ಉಳಿಸುತ್ತಿತ್ತು. 1522ರಲ್ಲಿ ಮೊಂಟ್ಸೆರಾತ್‌ನಲ್ಲಿ ಮಾತೆ ಮರಿಯಳ ಪೀಠದ ಬಳಿ ತಮ್ಮ ಖಡ್ಗವನ್ನು ಬಿಟ್ಟುಬಂದರು.

ಹೊಲ ಬೇಕು, ಮಕ್ಕಳಿಗೆ ವಿದ್ಯೆ ಬೇಕು ಎನ್ನುವುದು ಪಾಪವಲ್ಲ. ಆಸೆಯೇ ದೇವರಾದಾಗ ಕೇಡು. ನೆರೆಯವರಿಗಿಂತ ದೊಡ್ಡ ಮದುವೆ ಮಾಡಲೆಂದು ಹೊಲ ಒತ್ತೆಯಿಟ್ಟವರ ಸಂತೋಷ ಹಂದರ ತೆಗೆಯುವ ತನಕ. ಬಡ್ಡಿ ಮಾತ್ರ ಉಳಿಯುತ್ತದೆ.

ಇಂದು ರಾತ್ರಿ ಜಪಸರ ಮುಗಿಸಿದ ಮೇಲೆ, ಸಂತ ಇಗ್ನೇಷಿಯಸರು ಕಲಿಸಿದಂತೆ, ದಿನವನ್ನು ಒಮ್ಮೆ ತಿರುಗಿ ನೋಡೋಣ. ಯಾವ ಸಂತೋಷ ಇನ್ನೂ ಉಳಿದಿದೆ? ಅದರ ಜಾಡು ಹಿಡಿದು ನಡೆಯೋಣ; ಅದು ಪ್ರಭುವಿನ ಬಳಿಗೆ ಒಯ್ಯುತ್ತದೆ. ಆಮೆನ್.