ಹೊರದೇಶದ ಹಣಕ್ಕೂ ಸರಿಯಾದ ವಿಳಾಸ ಬೇಕು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತ ಬಾಂಧವರೇ, ನಿಮ್ಮ ಮಗನೋ ಮಗಳೋ ಹೊರದೇಶದಲ್ಲಿ ದುಡಿಯುತ್ತಿದ್ದು, ಬೇಸಾಯದ ಖರ್ಚಿಗೆಂದು ಹಣ ಕಳುಹಿಸುವವರಿದ್ದರೆ, ಅವರು ಮೊದಲು ಕೇಳುವುದು ನಿಮ್ಮ ಬ್ಯಾಂಕಿನ ಸಂಕೇತವನ್ನು. ನಾಲೆಗೆ ನೀರು ಬಂದಿದೆ, ಒಟ್ಲಿನ ಪೈರು ನಾಟಿಗೆ ಸಿದ್ಧವಾಗಿದೆ, ಆಳುಗಳಿಗೆ ಕೂಲಿ ಕೊಡಬೇಕು. ಇಂಥ ಹೊತ್ತಿನಲ್ಲಿ ಸಂಕೇತ ತಪ್ಪಿ ಹಣ ಹಿಂದಿರುಗಿತೆಂದರೆ ಕೈಸಾಲವೇ ಗತಿ. ಹಿಂದಿರುಗುವ ಹಣದಲ್ಲಿ ಬ್ಯಾಂಕುಗಳ ಶುಲ್ಕವೂ ಕಳೆದಿರುತ್ತದೆ.

ನಿಮ್ಮ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಇರುವುದು ಐಎಫ್‌ಎಸ್‌ಸಿ ಸಂಕೇತ. ಇದರಲ್ಲಿ 11 ಸ್ಥಾನಗಳು: ಮೊದಲ 4 ಅಕ್ಷರಗಳು ಬ್ಯಾಂಕಿನವು, ಐದನೆಯದು ಸೊನ್ನೆ, ಉಳಿದ 6 ಶಾಖೆಯವು. ಇದು ನಮ್ಮ ದೇಶದೊಳಗಿನ ವಿಳಾಸ. ಹೊರದೇಶದ ಬ್ಯಾಂಕು ಕೇಳುವುದು ಬೇರೆ; ಅದಕ್ಕೆ ಸ್ವಿಫ್ಟ್ ಸಂಕೇತ ಅಥವಾ ಬಿಐಸಿ ಎಂದು ಹೆಸರು. ಇದೂ ಕೆಲವೊಮ್ಮೆ 11 ಸ್ಥಾನಗಳದ್ದಾಗಿರುವುದರಿಂದ ಒಂದರ ಬದಲು ಇನ್ನೊಂದನ್ನು ಬರೆದುಕೊಡುವ ಸಂಭವ ಹೆಚ್ಚು.

ಸ್ವಿಫ್ಟ್ ಎಂಬುದು 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಬೆಲ್ಜಿಯಂನಲ್ಲಿ ಕಟ್ಟಿಕೊಂಡ ಸಂಸ್ಥೆ. ನಮ್ಮ ಹಾಲಿನ ಸಂಘದಂತೆ ಅದೂ ಸದಸ್ಯರದೇ ಸಹಕಾರ ಸಂಘ. ಅದು ಹಣವನ್ನು ಸಾಗಿಸುವುದಿಲ್ಲ. ಇಂಥವರ ಖಾತೆಗೆ ಇಷ್ಟು ಜಮೆ ಮಾಡಿ ಎಂಬ ಸಂದೇಶವನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಮುಟ್ಟಿಸುತ್ತದೆ, ಅಷ್ಟೆ. ಸ್ಟೇಟ್ ಬ್ಯಾಂಕಿನ ಸಂಕೇತವನ್ನೇ ನೋಡಿ: ‘ಎಸ್ ಬಿ ಐ ಎನ್’ ಬ್ಯಾಂಕು, ‘ಐ ಎನ್’ ಭಾರತ, ‘ಬಿ ಬಿ’ ಮುಂಬಯಿ. ಇದರ ಮುಂದೆ ಶಾಖೆಯ 3 ಸ್ಥಾನಗಳು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು.

ಎಲ್ಲ ಶಾಖೆಗಳಿಗೂ ಸ್ವಿಫ್ಟ್ ಸಂಕೇತ ಇರುವುದಿಲ್ಲ. ಹಾಗೆಂದು ನಿಮ್ಮೂರಿನ ಶಾಖೆಗೆ ಹಣ ಬರದೆಂದು ತಿಳಿಯಬೇಡಿ. ಹಣ ಮೊದಲು ಆ ಬ್ಯಾಂಕಿನ ವಿದೇಶಿ ವಿನಿಮಯ ಶಾಖೆಗೆ ಬಂದು, ಅಲ್ಲಿಂದ ನಿಮ್ಮ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿಯ ಜಾಡು ಹಿಡಿದು ಮದ್ದೂರಿಗೋ ಮಳವಳ್ಳಿಗೋ ತಲುಪುತ್ತದೆ. ದೊಡ್ಡ ನಾಲೆಯಿಂದ ಹೊಲಗಾಲುವೆಗೆ ನೀರು ತಿರುಗಿಸಿದಂತೆಯೇ ಇದು. ಆದ್ದರಿಂದ ಎರಡು ಸಂಕೇತಗಳೂ ಬೇಕು. ಯಾವ ಸ್ವಿಫ್ಟ್ ಸಂಕೇತ ಬಳಸಬೇಕೆಂಬುದನ್ನು ಶಾಖೆಯ ವ್ಯವಸ್ಥಾಪಕರಿಂದಲೇ ಬರೆಸಿಕೊಳ್ಳಿರಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಮಂಡ್ಯ ಜಿಲ್ಲೆಯ ಅಗ್ರಣಿ ಬ್ಯಾಂಕಾಗಿದ್ದ ವಿಜಯ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿಗೆ, ಅದೇ ವರ್ಷ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. ಇವುಗಳ ಹಳೆಯ ಸಂಕೇತಗಳು ಈಗ ನಡೆಯುವುದಿಲ್ಲ. ಪೆಟ್ಟಿಗೆಯಲ್ಲಿರುವ ಹಳೆಯ ಪಾಸ್‌ಬುಕ್ಕಿನ ಚಿತ್ರ ತೆಗೆದು ಮಗನಿಗೆ ಕಳುಹಿಸಿಬಿಡುವುದೇ ಅನೇಕ ಮನೆಗಳ ವಾಡಿಕೆ. ಅದನ್ನು ಬಿಟ್ಟು, ಹೊಸ ಪಾಸ್‌ಬುಕ್ಕು ಮಾಡಿಸಿಕೊಂಡು ಅದರಲ್ಲಿರುವುದನ್ನೇ ಕೊಡಿ.

ಕೊಲ್ಲಿ ದೇಶಗಳ ಹಣ ವಿನಿಮಯ ಅಂಗಡಿಗಳಿಂದ ಕಳುಹಿಸುವುದಾದರೆ ಅನೇಕ ವೇಳೆ ಖಾತೆ ಸಂಖ್ಯೆ, ಹೆಸರು, ಐಎಫ್‌ಎಸ್‌ಸಿ ಇಷ್ಟೇ ಸಾಕಾಗುತ್ತದೆ. ಅಮೆರಿಕ, ಜರ್ಮನಿಗಳ ಬ್ಯಾಂಕಿನಿಂದ ನೇರವಾಗಿ ಬರುವಾಗ ಸ್ವಿಫ್ಟ್ ಬೇಕು. ಯೂರೋಪಿನ ಅರ್ಜಿಗಳಲ್ಲಿ ಐಬಾನ್ ಎಂಬ ಸಂಖ್ಯೆಯನ್ನು ಕೇಳುವುದುಂಟು. ಭಾರತದಲ್ಲಿ ಆ ಪದ್ಧತಿಯೇ ಇಲ್ಲ, ಬರಿಯ ಖಾತೆ ಸಂಖ್ಯೆ ಕೊಟ್ಟರಾಯಿತು. ಹೆಸರು ಮಾತ್ರ ಪಾಸ್‌ಬುಕ್ಕಿನಲ್ಲಿ ಇರುವಂತೆಯೇ ಇರಬೇಕು. ಊರಿನಲ್ಲಿ ಕರೆಯುವ ಹೆಸರು ಬೇಡ.

ಮಧ್ಯವರ್ತಿ ಬ್ಯಾಂಕುಗಳು ದಾರಿಯಲ್ಲಿ ಶುಲ್ಕ ಮುರಿದುಕೊಳ್ಳಬಹುದು. ಆದ ಕಾರಣ ಮೊದಲ ಸಲ ಸಣ್ಣ ಮೊತ್ತ ತರಿಸಿ, ಎಷ್ಟು ದಿನ ಹಿಡಿಯಿತು, ಎಷ್ಟು ಕಡಿತವಾಯಿತು ಎಂಬುದನ್ನು ಗುರುತು ಹಾಕಿಕೊಳ್ಳಿ. ಈ ಪರೀಕ್ಷೆ ಒಟ್ಲು ಬಿಡುವ ಮೊದಲೇ ಮುಗಿದಿರಲಿ.

ಹಣ ಬಾರದಿದ್ದರೆ ಬರಿಗೈಯಲ್ಲಿ ಶಾಖೆಗೆ ಹೋಗಬೇಡಿ. ಕಳುಹಿಸಿದವರಿಂದ ಸ್ವಿಫ್ಟ್ ಸಂದೇಶದ ಪ್ರತಿಯನ್ನೂ ‘ಯುಇಟಿಆರ್’ ಎಂಬ ಉದ್ದನೆಯ ಉಲ್ಲೇಖ ಸಂಖ್ಯೆಯನ್ನೂ ತರಿಸಿಕೊಳ್ಳಿರಿ. ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ ಎಂಬುದನ್ನು ಆ ಸಂಖ್ಯೆಯಿಂದ ಪತ್ತೆ ಮಾಡಬಹುದು.