ಸಂಘದ ಸರ್ವರಿನಲ್ಲಿ ಯಾರ ಕಡತ ಯಾರ ಕಣ್ಣಿಗೆ?

ಈಗ ಅನೇಕ ಸಹಕಾರ ಸಂಘಗಳಲ್ಲಿ ಅಡಿಕೆ ತೂಕದ ಚೀಟಿ, ಸಾಲದ ಖಾತೆ, ಗೊಬ್ಬರದ ದಾಸ್ತಾನು ಎಲ್ಲವೂ ಒಂದೇ ಸರ್ವರಿನಲ್ಲಿರುತ್ತವೆ. ಗುಮಾಸ್ತರು, ಲೆಕ್ಕಿಗರು, ಗೋದಾಮಿನವರು ತಮ್ಮ ತಮ್ಮ ಹೆಸರು ಕೊಟ್ಟು ಅದರೊಳಗೆ ಹೋಗುತ್ತಾರೆ. ‘ನನ್ನ ಸಾಲದ ಬಾಕಿ ಗೋದಾಮಿನವರಿಗೂ ಕಾಣುತ್ತದೆಯೇ?’ ಎಂದು ಸದಸ್ಯರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಸಾಲದ ತಂತ್ರಾಂಶಕ್ಕೆ ಅದರದೇ ಕಾವಲಿರುತ್ತದೆ. ಆದರೆ ಅದರಿಂದ ತೆಗೆದು ಲೆಕ್ಕಿಗರು ತಮ್ಮ ಕೋಶದಲ್ಲಿಟ್ಟುಕೊಂಡ ಬಾಕಿದಾರರ ಪಟ್ಟಿಗೆ ಆ ಕಾವಲು ಇಲ್ಲ. ಲಿನಕ್ಸ್ ಸರ್ವರಿಗೆ ಅನ್ವಯಿಸುವಂತೆ ಈ ವಿಷಯವನ್ನು ಇಲ್ಲಿ ವಿವರಿಸುತ್ತೇವೆ.

ಲಿನಕ್ಸಿನಲ್ಲಿ ಪ್ರತಿ ಬಳಕೆದಾರನಿಗೂ ಸ್ವಂತದ ಕೋಶವೊಂದಿರುತ್ತದೆ. ಎಸ್ಟೇಟಿನ ಲೈನ್ ಮನೆಗಳ ಹಾಗೆ ಇವೆಲ್ಲ ‘ಹೋಮ್’ ಎಂಬ ಒಂದೇ ದೊಡ್ಡ ಕೋಶದೊಳಗೆ ಸಾಲಾಗಿರುತ್ತವೆ. 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಯೂನಿಕ್ಸಿನಲ್ಲಿ ಇವು ‘ಯುಎಸ್‌ಆರ್’ ಎಂಬಲ್ಲಿದ್ದವು. ಬರಬರುತ್ತ ಅಲ್ಲಿ ಪ್ರೋಗ್ರಾಮುಗಳೇ ತುಂಬಿಕೊಂಡು ಬಳಕೆದಾರರು ಹೊರಗಾದರು, ಹೆಸರು ಮಾತ್ರ ಉಳಿಯಿತು. (ಮಠವಿಲ್ಲದ ಮಠದ ಕೇರಿ ನಮ್ಮೂರುಗಳಲ್ಲೂ ಉಂಟಲ್ಲ!)

ಹೊಸ ನೌಕರರ ಹೆಸರು ಸೇರಿಸುವ ಆಜ್ಞೆ ‘ಯೂಸರ್‌ಆಡ್’. ಕೋಶವನ್ನು ಎಲ್ಲಿ ಕಟ್ಟಬೇಕೆಂದು ನಾವು ಹೇಳದಿದ್ದರೆ ಅದು ‘ಇಟಿಸಿ’ಯೊಳಗಿನ ‘ಡಿಫಾಲ್ಟ್’ ಕೋಶದಲ್ಲಿ ತನ್ನದೇ ಹೆಸರಿನಲ್ಲಿರುವ ಕಡತವನ್ನು ನೋಡುತ್ತದೆ. ಹಳೆಯ ಡಿಸ್ಕ್ ತುಂಬಿ ಹೊಸದನ್ನು ಹಾಕಿಸಿದಾಗ ಆ ಕಡತದ ‘ಹೋಮ್’ ಸಾಲಿನಲ್ಲಿ ಹೊಸ ಜಾಗ ಬರೆದರಾಯಿತು. ಡೆಬಿಯನ್, ಉಬುಂಟು ಬಳಸುವವರು ಒಂದು ವಿಷಯ ಗಮನಿಸಬೇಕು. ಅಲ್ಲಿ ‘ಆಡ್‌ಯೂಸರ್’ ಎಂಬ ಇನ್ನೊಂದು ಆಜ್ಞೆಯಿದೆ, ಅದಕ್ಕೆ ಬೇರೆಯೇ ಕಡತವಿದೆ. ಒಂದನ್ನು ತಿದ್ದಿ ಇನ್ನೊಂದು ಆಜ್ಞೆ ಕೊಟ್ಟರೆ ಕೋಶ ಹಳೆಯ ಜಾಗದಲ್ಲೇ ಏಳುತ್ತದೆ.

ಈ ಬದಲಾವಣೆ ಇನ್ನು ಮುಂದೆ ಸೇರುವವರಿಗೆ ಮಾತ್ರ. ಸಸಿಮಡಿಯ ಮಣ್ಣಿನ ಮಿಶ್ರಣ ಬದಲಿಸಿದರೆ ತೋಟದಲ್ಲಿ ನೆಟ್ಟಾಗಿರುವ ಗಿಡಕ್ಕೆ ಏನೂ ಆಗುವುದಿಲ್ಲವಷ್ಟೆ. ಹಳಬರ ಕೋಶ ಸಾಗಿಸಲು ‘ಯೂಸರ್‌ಮಾಡ್’ ಆಜ್ಞೆ ಬೇಕು. ಅದಕ್ಕೆ ಹೊಸ ವಿಳಾಸದ ಜೊತೆಗೆ ಸಾಮಾನನ್ನೂ ಸಾಗಿಸೆಂದು ಹೇಳಬೇಕು, ಇಲ್ಲವಾದರೆ ವಿಳಾಸವಷ್ಟೇ ಬದಲಾಗಿ ಕಡತಗಳು ಹಿಂದೆ ಉಳಿಯುತ್ತವೆ. ಆ ನೌಕರರು ಆಗ ಕೆಲಸದಲ್ಲಿ ತೊಡಗಿರಬಾರದು.

ಇನ್ನು ಗುಟ್ಟಿನ ಮಾತು. ಕೋಶದ ಬಾಗಿಲಿಗೆ ಮೂರು ಅಂಕಿಗಳ ಅನುಮತಿಯಿದೆ: ಮೊದಲನೆಯದು ಒಡೆಯನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದವರಿಗೆ. 7 ಎಂದರೆ ಪೂರ್ಣ ಅಧಿಕಾರ, 5 ಎಂದರೆ ಒಳಹೊಕ್ಕು ನೋಡಬಹುದು, 0 ಎಂದರೆ ಬಾಗಿಲು ಮುಚ್ಚಿದೆ. ಬಹುಕಾಲ ಅನೇಕ ವ್ಯವಸ್ಥೆಗಳಲ್ಲಿ 755 ರೂಢಿಯಲ್ಲಿತ್ತು, ಅಂದರೆ ಯಾರ ಕೋಶವನ್ನಾದರೂ ಯಾರೂ ಇಣುಕಬಹುದಿತ್ತು. ಉಬುಂಟು 2021ರಲ್ಲಿ, ತನ್ನ 21.04 ಆವೃತ್ತಿಯಿಂದ, ಇದನ್ನು 750 ಮಾಡಿತು. ‘ಲಾಗಿನ್ ಡೆಫ್ಸ್’ ಕಡತದಲ್ಲಿ ‘ಹೋಮ್ ಮೋಡ್’ ಸಾಲಿಗೆ 0700 ಎಂದು ಬರೆಯುವುದೇ ಸಂಘಗಳಿಗೆ ಕ್ಷೇಮವೆಂದು ನಮ್ಮ ಅಭಿಪ್ರಾಯ. ಇದೂ ಹೊಸಬರಿಗೆ ಮಾತ್ರ. ಹಳೆಯ ಕೋಶಗಳನ್ನು ‘ಸಿಎಚ್‌ಮಾಡ್’ ಆಜ್ಞೆಯಿಂದ ಒಂದೊಂದಾಗಿ ಮುಚ್ಚಿಸಬೇಕು. ಹೀಗೆ ಮುಚ್ಚಿದರೆ ಕೆಲಸ ನಿಲ್ಲುತ್ತದೆ ಎಂಬ ಆಕ್ಷೇಪ ಬರುತ್ತದೆ. ಎಲ್ಲರಿಗೂ ಬೇಕಾದ ದರಪಟ್ಟಿಯಂಥವನ್ನು ಬೇರೊಂದು ಸಾಮಾನ್ಯ ಕೋಶದಲ್ಲಿಡಲಿ. ಅದಕ್ಕಾಗಿ ಲೆಕ್ಕಿಗರ ಕೋಶವನ್ನು ತೆರೆದಿಡುವುದು ಸಲ್ಲದು. ಆಡಳಿತಗಾರನ ‘ರೂಟ್’ ಖಾತೆಗೆ ಮಾತ್ರ ಯಾವ ಬಾಗಿಲೂ ಅಡ್ಡಿಯಲ್ಲ, ಆದ್ದರಿಂದ ಅದರ ಗುಪ್ತಪದ ಯಾರ ಬಳಿಯಿದೆ ಎಂಬುದನ್ನು ಆಡಳಿತ ಮಂಡಳಿ ತಿಳಿದಿರಬೇಕು.

ಕೋಶಗಳನ್ನು ಹೊಸ ಡಿಸ್ಕಿಗೆ ಸಾಗಿಸಿದ ಮೇಲೆ ನಿತ್ಯದ ಬ್ಯಾಕಪ್ ಹೊಸ ಜಾಗದಿಂದ ಆಗುತ್ತಿದೆಯೇ ನೋಡಿರಿ. ವಿದ್ಯುತ್ ಹೋಗಿ ಬಂದು ಸರ್ವರ್ ಮತ್ತೆ ಎದ್ದಾಗ ಹೊಸ ಡಿಸ್ಕ್ ತಾನಾಗಿ ಸೇರಿಕೊಳ್ಳುತ್ತದೆಯೇ ಎಂಬುದನ್ನೂ ಕೊಯಿಲಿನ ಗಡಿಬಿಡಿಗೆ ಮುಂಚೆಯೇ ಪರೀಕ್ಷಿಸಿಕೊಳ್ಳಿರಿ.